ಮುದ್ದಿನ ಹುಂಜ ಮೈಮೇಲೆ ಎರಗಿದಾಗ

ಜಾತ್ರೆಯಲ್ಲಿ ಬುಟ್ಟಿ ತುಂಬಾ ಬಣ್ಣಬಣ್ಣದ ಕೋಳಿಮರಿಗಳು. ಗುಲಾಬಿ, ಹಸಿರು, ನೀಲಿ. ಮಗಳು ಹಟ ಹಿಡಿದಳು, ನೀವು ಕೊಡಿಸಿದಿರಿ. 'ನಾಲ್ಕು ದಿನ ಬದುಕಿದರೆ ಹೆಚ್ಚು' ಎಂದುಕೊಂಡಿದ್ದು ಬದುಕಿಯೇಬಿಟ್ಟಿತು. ಬಣ್ಣ ಹೋಗಿ ಬಿಳಿ ಪುಕ್ಕ ಬಂತು. ಮಗಳ ಅಂಗೈಯಿಂದಲೇ ಕಾಳು ತಿಂದು, ಅವಳ ಹಿಂದೆಮುಂದೆ ಓಡಾಡಿಕೊಂಡು ಬೆಳೆಯಿತು.

ಈಗ ಅದಕ್ಕೆ ಐದು ತಿಂಗಳು. ಬಟ್ಟೆ ಒಣಗಿಸಲು ಹಿತ್ತಲಿಗೆ ಹೋದರೆ ಹಿಂದಿನಿಂದ ಹಾರಿ ಬಂದು ಕಾಲಿಗೆ ಒದೆಯುತ್ತದೆ. ಮಗಳಂತೂ ಬಾಗಿಲಾಚೆ ಕಾಲಿಡಲ್ಲ. "ಭಾನುವಾರ ಸಾರು ಮಾಡಿಬಿಡು, ಕಾಟ ತಪ್ಪುತ್ತೆ" ಅನ್ನೋದು ಅತ್ತೆಯ ಸಲಹೆ. ಅದನ್ನು ಕೇಳಿ ಮಗಳು ಊಟ ಬಿಟ್ಟು ಅಳುತ್ತಿದ್ದಾಳೆ. ಏನು ಮಾಡೋದು?

ಗಾಬರಿ ಬೇಡ. ಹುಂಜಕ್ಕೆ ಹುಚ್ಚೂ ಹಿಡಿದಿಲ್ಲ, ಅದು ಉಪಕಾರ ಮರೆತದ್ದೂ ಅಲ್ಲ. ಅದು ದೊಡ್ಡದಾಗಿದೆ, ಅಷ್ಟೇ.

ಯಾಕೆ ಹೀಗೆ?

ಬೀದಿಯಲ್ಲಿ ಮಾರುವ ಬಣ್ಣದ ಮರಿಗಳಲ್ಲಿ ಹೆಚ್ಚಿನವು ಗಂಡೇ. ಮೊಟ್ಟೆಗಾಗಿ ಸಾಕುವ ತಳಿಯಲ್ಲಿ ಗಂಡು ಮರಿ ಹ್ಯಾಚರಿಯವರಿಗೆ ಬೇಡ, ಹಾಗಾಗಿ ಬಣ್ಣ ಬಳಿದು ಮಾರಾಟಕ್ಕೆ ಬರುತ್ತವೆ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಮೈಯಲ್ಲಿ ಗಂಡು ಹಾರ್ಮೋನು ಏರುತ್ತದೆ. ಜುಟ್ಟು ಕೆಂಪಾಗುತ್ತದೆ, ಕೂಗಲು ಶುರುವಾಗುತ್ತದೆ, ಜೊತೆಗೇ ಯಜಮಾನಿಕೆಯ ಆಸೆಯೂ ಹುಟ್ಟುತ್ತದೆ.

ಕೋಳಿಗಳ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು ಕೀಳಿನ ಕ್ರಮವಿದೆ. ನಾರ್ವೆಯ ವಿಜ್ಞಾನಿ ಶೆಲ್ಡೆರುಪ್-ಎಬ್ಬೆ 1920ರ ದಶಕದಲ್ಲೇ ಇದನ್ನು ವಿವರಿಸಿದ್ದರು. ಒಂಟಿಯಾಗಿ ಮನುಷ್ಯರ ಜೊತೆಯೇ ಬೆಳೆದ ಮರಿಗೆ ನೀವೇ ಗುಂಪು. ನಿಮ್ಮ ಬಗ್ಗೆ ಅದಕ್ಕೆ ಹೆದರಿಕೆಯೂ ಇಲ್ಲ. ಹಾಗಾಗಿ ಬಲಪರೀಕ್ಷೆ ನಿಮ್ಮ ಮೇಲೆಯೇ! ಹ್ಯಾಟೆಗಳಿದ್ದರೆ ಅವುಗಳನ್ನು ಕಾಯುವ ಕೆಲಸವೂ ಸೇರಿಕೊಳ್ಳುತ್ತದೆ.

ಮುನ್ಸೂಚನೆ ಗಮನಿಸಿ

ಒಂದು ರೆಕ್ಕೆ ಇಳಿಬಿಟ್ಟು ನಿಮ್ಮ ಸುತ್ತ ಓರೆಯಾಗಿ ಹೆಜ್ಜೆ ಹಾಕುವುದು, ತಲೆ ತಗ್ಗಿಸಿ ಕತ್ತಿನ ಪುಕ್ಕ ಕೆದರಿಕೊಳ್ಳುವುದು, ಸುಮ್ಮಸುಮ್ಮನೆ ನೆಲ ಕುಕ್ಕುತ್ತಾ ಹತ್ತಿರ ಬರುವುದು. ಇಷ್ಟಾದ ಮೇಲೆ ಎರಡೂ ಕಾಲೆತ್ತಿ ಹಾರುತ್ತದೆ. ಮೊದಲ ಹಂತದಲ್ಲೇ ಎಚ್ಚೆತ್ತುಕೊಂಡರೆ ಒದೆ ತಪ್ಪುತ್ತದೆ.

ನೀವು ಮಾಡಬೇಕಾದದ್ದು

* ಓಡಬೇಡಿ, ಹಿಂದೆ ಸರಿಯಲೂ ಬೇಡಿ. ಓಡಿದರೆ ಗೆದ್ದೆ ಅಂದುಕೊಳ್ಳುತ್ತದೆ. ಅದಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲಿ. ನಿಧಾನಕ್ಕೆ ಒಂದು ಹೆಜ್ಜೆ ಮುಂದಿಡಿ. ಅದು ತಿರುಗಿ ಹೋದ ಮೇಲೆಯೇ ನಿಮ್ಮ ಕೆಲಸಕ್ಕೆ ಹೋಗಿ.

* ಪೊರಕೆಯಲ್ಲಿ ಬಾರಿಸುವುದು, ಒದೆಯುವುದು ಬೇಡವೇ ಬೇಡ. ನೀವು ಹೊಡೆದರೆ ಅದರ ಲೆಕ್ಕದಲ್ಲಿ ಅದು ಜಗಳಕ್ಕೆ ಬಂದ ಇನ್ನೊಂದು ಹುಂಜ. ಕೈಯಲ್ಲೊಂದು ಬಕೆಟ್ ಹಿಡಿದು ಅಡ್ಡ ಇಟ್ಟುಕೊಂಡರೆ ಸಾಕು.

* ಕೈಯಿಂದ ತಿನ್ನಿಸುವುದನ್ನು ನಿಲ್ಲಿಸಿ. ಕಾಳನ್ನು ನೆಲಕ್ಕೆ ಎರಚಿ, ಅದು ತಿನ್ನುತ್ತಿರುವಾಗ ನಿಮ್ಮ ಓಡಾಟ ಮುಗಿಸಿ.

* ಹಿತ್ತಲಿಗೆ ಹೋಗುವಾಗ ದಪ್ಪ ಪ್ಯಾಂಟು, ಮುಚ್ಚಿದ ಚಪ್ಪಲಿ ಅಥವಾ ಶೂ ಇರಲಿ.

* ಇಕ್ಕಟ್ಟಿನ ಪಂಜರ ಸಿಟ್ಟು ಹೆಚ್ಚಿಸುತ್ತದೆ. ಓಡಾಡಲು, ಮಣ್ಣು ಕೆದಕಲು ಜಾಗ ಕೊಡಿ. ಎರಡು ಹುಂಜಗಳಿದ್ದರೆ ಬೇರೆ ಬೇರೆ ಇಡಿ.

* ಸಾಧುವಾಗಿದ್ದ ಹುಂಜ ದಿಢೀರನೆ ಸಿಡುಕಿದರೆ ರೆಕ್ಕೆಯ ಕೆಳಗೆ ಹೇನು, ಕಾಲಿಗೆ ಗಾಯ ಇದೆಯೇ ನೋಡಿ. ನೋವಿಗೂ ಸಿಟ್ಟು ಬರುತ್ತದೆ.

ಮನೆಯವರೆಲ್ಲ ಒಂದೇ ರೀತಿ ನಡೆದುಕೊಂಡು ಕೆಲವು ವಾರ ತಾಳ್ಮೆಯಿಂದ ಇದ್ದರೆ ಎಷ್ಟೋ ಹುಂಜಗಳು ತಣ್ಣಗಾಗುತ್ತವೆ.

ಮಕ್ಕಳಿದ್ದರೆ ಎಚ್ಚರ

ಹುಂಜ ಹಾರಿದರೆ ನಿಮಗೆ ಮೊಣಕಾಲು, ಮೂರು ವರ್ಷದ ಮಗುವಿಗೆ ಮುಖ, ಕಣ್ಣು. ಇಲ್ಲಿ ರಿಸ್ಕ್ ಬೇಡ. ಅದು ಹೊರಗಿರುವಾಗ ಚಿಕ್ಕ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. "ನೀನೇ ಪಳಗಿಸು" ಎಂದು ಮಕ್ಕಳಿಗೆ ಹೇಳಲೂ ಬೇಡಿ. ಅದು ದೊಡ್ಡವರ ಕೆಲಸ.

ಗಾಯವಾದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಕಾಲಿನ ಮುಳ್ಳು ಆಳಕ್ಕೆ ಚುಚ್ಚಿದ್ದರೆ ವೈದ್ಯರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬೇಕೇ ಎಂದು ಕೇಳಿ. ಕಣ್ಣಿಗೆ ಏಟಾದರೆ ಮನೆಮದ್ದು ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ರೇಬೀಸ್ ಭಯ ಬೇಡ, ಕೋಳಿಯಿಂದ ಅದು ಬರುವುದಿಲ್ಲ. ಮುಳ್ಳನ್ನು ನೀವೇ ಕತ್ತರಿಸಬೇಡಿ, ಒಳಗೆ ರಕ್ತನಾಳವಿದೆ. ತುದಿ ಮೊಂಡು ಮಾಡುವುದನ್ನು ಪಶುವೈದ್ಯರಿಗೇ ಬಿಡಿ.

ಎಷ್ಟೇ ಮಾಡಿದರೂ ಬಗ್ಗದಿದ್ದರೆ?

ಕೆಲವಕ್ಕೆ ಜಗಳ ಹುಟ್ಟುಗುಣ. ಅಂಥದ್ದನ್ನು ಪುಟ್ಟ ಮಕ್ಕಳಿರುವ ಮನೆಯಲ್ಲಿ ಇಟ್ಟುಕೊಳ್ಳುವುದು ಜಾಣತನವಲ್ಲ. ಬೀದಿಗೆ ಬಿಟ್ಟರೆ ನಾಯಿಪಾಲು. ಹತ್ತಾರು ಹ್ಯಾಟೆಗಳಿರುವ, ಜಾಗವಿರುವ ಹಳ್ಳಿಯ ತೋಟದವರಿಗೆ ಅದರ ಸ್ವಭಾವ ಮುಚ್ಚಿಡದೆ ಹೇಳಿ ಕೊಡಿ. ಕೋಳಿ ಅಂಕಕ್ಕೆ ಎಂದು ಯಾರಾದರೂ ಕೇಳಿದರೆ ಮಾತ್ರ ಕೊಡಬೇಡಿ.

ಮಗಳಿಗೂ ನಿಜವನ್ನೇ ಹೇಳಿ. "ಅವನು ಕೆಟ್ಟವನಲ್ಲ ಪುಟ್ಟಿ, ಅವನಿಗೆ ನಮ್ಮ ಹಿತ್ತಲು ಸಾಲ್ತಿಲ್ಲ" ಅಂದರೆ ಅವಳಿಗೆ ಅರ್ಥವಾಗುತ್ತದೆ. ಮುಂದಿನ ಜಾತ್ರೆಯಲ್ಲಿ ಬಣ್ಣದ ಬುಟ್ಟಿ ಕಂಡಾಗ ಮಾತ್ರ, ಕೊಡಿಸುವ ಮುನ್ನ ಐದು ತಿಂಗಳ ಆಚೆಗಿನ ಹುಂಜವನ್ನು ಒಮ್ಮೆ ನೆನಪಿಸಿಕೊಳ್ಳಿ.