ರೇಷ್ಮೆಹುಳುವನ್ನು ಬಿಟ್ಟು ಕಾಯಿಕೊರಕಕ್ಕೆ

ಟಿ. ನರಸೀಪುರದ ಫಿಲೇಚರಿನಲ್ಲಿ ಗೂಡುಗಳಿಂದ ಬಿಚ್ಚಿದ ನೂಲೇ ಮೈಸೂರು ಸಿಲ್ಕ್ ಸೀರೆಯಾಗುವುದು. ಅಲ್ಲಿಂದ ಕಪಿಲೆಯ ಗುಂಟ ಮೇಲಕ್ಕೆ ಹೋದರೆ ನಂಜನಗೂಡು ತಾಲ್ಲೂಕು. ಅಲ್ಲಿ ಹೊಲಗಳಲ್ಲಿ ಬಿಟಿ ಹತ್ತಿ. ಕೆಳಗೆ ಹುಳು ಬದುಕಬೇಕು, ಮೇಲೆ ಸಾಯಬೇಕು. ಎರಡೂ ಪತಂಗದ ಮರಿಗಳೇ.

ಬಿಟಿ ಎಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್. ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿಬಿದ್ದದ್ದು ರೇಷ್ಮೆಯ ವೈರಿಯಾಗಿ. 1901ರಲ್ಲಿ ಜಪಾನಿನ ಇಶಿವಾಟಾ ಸತ್ತ ರೇಷ್ಮೆಹುಳುಗಳಲ್ಲಿ ಅದನ್ನು ಕಂಡರು. ನಮ್ಮ ಬೆಳೆಗಾರರು ಸಪ್ಪೆ ರೋಗ ಎನ್ನುವ ಕಾಯಿಲೆಗಳ ಗುಂಪಿಗೇ ಇದೂ ಸೇರಿದ್ದು. ಹಾಗಾದರೆ ಹತ್ತಿಗೆ ಹೇಗೆ ಒಗ್ಗಿತು?

ಉತ್ತರ ಅದರ ವಿಷದ ಆಕಾರದಲ್ಲಿದೆ. ಬ್ಯಾಕ್ಟೀರಿಯಾ ಬೀಜಕ ಕಟ್ಟುವಾಗ ಕ್ರೈ ಎಂಬ ಪ್ರೋಟೀನಿನ ಹರಳನ್ನೂ ಕೂಡಿಡುತ್ತದೆ. ಹರಳು ತಾನಾಗಿ ಏನೂ ಮಾಡದು. ಮರಿಹುಳುವಿನ ಕರುಳು ನಮ್ಮ ಜಠರದಂತೆ ಹುಳಿಯಲ್ಲ, ಕಡು ಕ್ಷಾರ; ಪಿಎಚ್ 10ರ ಆಸುಪಾಸು. ಅಲ್ಲಿ ಹರಳು ಕರಗುತ್ತದೆ, ಹುಳುವಿನದೇ ಜೀರ್ಣಕಿಣ್ವಗಳು ಪ್ರೋಟೀನನ್ನು ಅರ್ಧಕ್ಕೆ ಕತ್ತರಿಸುತ್ತವೆ. ಉಳಿದ ತುಂಡೇ ವಿಷ. ತನ್ನ ಸಾವಿಗೆ ಹುಳುವೇ ಕೂಲಿ ಮಾಡಿದ ಹಾಗಾಯಿತು.

ಇಂಥ ಒಂದು ತುಂಡಿನ ರಚನೆ 1991ರಲ್ಲಿ ಎಕ್ಸ್-ರೇ ಸ್ಫಟಿಕಶಾಸ್ತ್ರದಿಂದ ಬಯಲಾಯಿತು. ಅದರಲ್ಲಿ ಮೂರು ಭಾಗ. ಮೊದಲನೆಯದು ಏಳು ಸುರುಳಿಗಳ ಕಟ್ಟು: ನಡುವೆ ಒಂದು, ಸುತ್ತ ಆರು. ಉಳಿದೆರಡು ಹಾಳೆಯಂತೆ ಮಡಿಚಿದವು. ಕರುಳಿನ ಜೀವಕೋಶದ ಮೇಲಿನ ಕ್ಯಾಡ್ಹೆರಿನ್‌ನಂಥ ಪ್ರೋಟೀನುಗಳನ್ನು ಹುಡುಕಿ ಹಿಡಿಯುವುದು ಅವುಗಳ ಕೆಲಸ. ಹಿಡಿತ ಸಿಕ್ಕ ಮೇಲೆ ಹಲವು ಅಣುಗಳು ಗುಂಪುಗೂಡುತ್ತವೆ. ಪ್ರಚಲಿತ ಮಾದರಿಯ ಪ್ರಕಾರ, ಎರಡು ಸುರುಳಿಗಳು ಕೋಶಪೊರೆಯೊಳಕ್ಕೆ ನಾಟಿಕೊಂಡರೆ ಮಿಕ್ಕವು ಕೊಡೆ ಬಿಚ್ಚಿದಂತೆ ಪೊರೆಯ ಮೇಲೆ ಹರಡಿಕೊಳ್ಳುತ್ತವೆ. ನ್ಯಾನೋಮೀಟರು ಲೆಕ್ಕದ ರಂಧ್ರ. ಆದರೆ ಅದರಿಂದ ಅಯಾನುಗಳೂ ನೀರೂ ನುಗ್ಗಿ ಕೋಶ ಊದಿ ಒಡೆಯುತ್ತದೆ. ಹುಳು ಮೇವು ಬಿಡುತ್ತದೆ.

ಕ್ರೈ ಪ್ರೋಟೀನಿನಲ್ಲಿ ಹಲವು ಬಗೆ. ರೇಷ್ಮೆಹುಳುವಿಗೆ ಕ್ರೈ1ಎಎ ಮಾರಕ. ಹತ್ತಿಗೆ ಸೇರಿಸಿದ ಕ್ರೈ1ಎಸಿ ಅದರ ಮೇಲೆ ಅಷ್ಟಾಗಿ ನಾಟದು. 1989ರಲ್ಲಿ ಈ ಎರಡರ ತುಂಡುಗಳನ್ನು ಅದಲುಬದಲು ಮಾಡಿ ನೋಡಿದಾಗ, ವ್ಯತ್ಯಾಸವೆಲ್ಲ ಹೆಚ್ಚುಕಡಿಮೆ ನಡುಭಾಗದ ನೂರು ಚಿಲ್ಲರೆ ಅಮೈನೋ ಆಮ್ಲಗಳಲ್ಲಿದೆ ಎಂದು ಗೊತ್ತಾಯಿತು. ಅತ್ತ ಹುಳುವಿನ ಕಡೆಯ ಬದಲಾವಣೆ ಇನ್ನೂ ಚಿಕ್ಕದಿರಬಹುದು: ಕರುಳಿನ ಒಂದು ಸಾಗಣೆ ಪ್ರೋಟೀನಿನಲ್ಲಿ ಒಂದೇ ಒಂದು ಟೈರೋಸಿನ್ ಹೆಚ್ಚಿಗೆ ಸೇರಿದ್ದಕ್ಕೆ ರೇಷ್ಮೆಹುಳುವಿನ ಕೆಲವು ತಳಿಗಳು ಕ್ರೈ1ಎಬಿ ಎಂಬ ಇನ್ನೊಂದು ಬಗೆಯ ವಿಷವನ್ನು ತಾಳಿಕೊಳ್ಳುತ್ತವೆ.

ಹತ್ತಿಯ ಗುಲಾಬಿ ಕಾಯಿಕೊರಕವೂ ಹೀಗೆಯೇ ವಿಷಕ್ಕೆ ನಿರೋಧಕವಾಯಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಿ ದಶಕ ತುಂಬುವಷ್ಟರಲ್ಲಿ, ಕ್ಯಾಡ್ಹೆರಿನ್ ಕೆಟ್ಟ ಹುಳುಗಳು ಭಾರತದ ಹೊಲಗಳಲ್ಲಿ ಕಾಣಿಸಿಕೊಂಡವು. ಇದನ್ನು ತಡೆಯಲೆಂದೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜ ಕೊಡುತ್ತಿದ್ದರು. ಆ ಸಾದಾ ಗಿಡಗಳಲ್ಲಿ ಬೆಳೆದ ಪತಂಗಗಳು ನಿರೋಧಕ ಪತಂಗಗಳ ಜೊತೆ ಕೂಡಿದರೆ ಮರಿಗಳು ಮತ್ತೆ ವಿಷಕ್ಕೆ ಬಗ್ಗುತ್ತಿದ್ದವು. ಹುಳ ತಿನ್ನಲೆಂದೇ ಐದು ಸಾಲು ಬೆಳೆ ಇಡಿ ಎಂದರೆ ಯಾವ ರೈತ ಒಪ್ಪಿಯಾನು? ಆ ಪೊಟ್ಟಣವನ್ನು ಬದಿಗೆಸೆದವರೇ ಹೆಚ್ಚು.