ಹನ್ನೆರಡು ಬೀದಿಯಲ್ಲಿ ಮೊದಲ ದಿನ

ಮಂಗಳೂರಿನ ಬೋಳೂರಿನಲ್ಲೂ ಒಂದು ಸುಲ್ತಾನ್ ಬತ್ತೇರಿ ಇದೆ. ಟಿಪ್ಪು ಕಟ್ಟಿಸಿದ ಆ ಕಾವಲು ಬುರುಜನ್ನು ಕಂಡವರು ಹೆಸರು ಕೇಳಿ ಇಲ್ಲೂ ಅಂಥದ್ದನ್ನೇ ಹುಡುಕುತ್ತಾರೆ. ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಕೋಟೆ ಕೊತ್ತಲಗಳಿಲ್ಲ. ಮೈಸೂರಿನಿಂದ ಸುಮಾರು 115 ಕಿ.ಮೀ. ದೂರದ ಈ ಊರಿನಲ್ಲಿ ನೋಡಬೇಕಾದದ್ದು ಒಂದು ಬಸದಿ ಮತ್ತು ಅದರ ಮುಂದೆ ಹಾದುಹೋಗುವ ರಸ್ತೆ.

ಗುಂಡ್ಲುಪೇಟೆಯನ್ನು ಬೆಳಿಗ್ಗೆಯೇ ದಾಟುವುದು ಒಳ್ಳೆಯದು. ಬಂಡೀಪುರದ ಕಾಡಿನಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ 2009ರಿಂದ ನಿರ್ಬಂಧವಿದೆ. ಗೇಟು ತೆರೆದ ಮೇಲೆ ತರಕಾರಿ ಲಾರಿಗಳ ಹಿಂದೆ ಹೊರಟು ಮೂಲೆಹೊಳೆ, ಮುತ್ತಂಗ ದಾಟಿದರೆ ಪುಟ್ಟು, ಕಡಲೆ ಕರಿ ಬಿಸಿಯಿರುವಾಗಲೇ ಊರು ಸಿಗುತ್ತದೆ. ಪೇಟೆ ಅಚ್ಚರಿ ಹುಟ್ಟಿಸುವಷ್ಟು ಚೊಕ್ಕಟ. ಕಾಲುದಾರಿಯ ಕಂಬಿಗಳಿಗೆ ಹೂಕುಂಡ ತೂಗುಹಾಕಿದ್ದಾರೆ, ಅದೂ ಯಾರೂ ಕಿತ್ತೊಯ್ಯದಂತೆ!

ಬಸದಿ ಮುಖ್ಯರಸ್ತೆಯ ಮಗ್ಗುಲಲ್ಲೇ ಇದೆ. ಹದಿಮೂರನೆಯ ಶತಮಾನದ್ದೆಂದು ಹೇಳುತ್ತಾರೆ. ಕಟ್ಟಡದ ರೀತಿಯಲ್ಲಿ ವಿಜಯನಗರದ ಛಾಯೆ ಕಾಣುತ್ತದೆ. ಹೊರಗಿನಿಂದ ನೋಡಿದರೆ ತಗ್ಗಾದ, ಚಪ್ಪಟೆ ಚಾವಣಿಯ ಕಲ್ಲುಕಟ್ಟಡ. ಶಿಖರವಿಲ್ಲ, ಆಡಂಬರವಿಲ್ಲ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿದ ಕಣ್ಣಿಗೆ ಇದು ಮೊದಲು ಸಪ್ಪೆ ಎನ್ನಿಸಿದರೆ ತಪ್ಪಲ್ಲ. ಒಳಗೆ ಕಾಲಿಟ್ಟ ಮೇಲೆ ಲೆಕ್ಕ ಬದಲಾಗುತ್ತದೆ. ಕರಿಕಲ್ಲಿನ ಕಂಬಸಾಲು, ಬಾಗಿಲವಾಡದ ಮೇಲೆ ಧ್ಯಾನಕ್ಕೆ ಕುಳಿತ ತೀರ್ಥಂಕರ, ಮಂಟಪ ದಾಟಿದರೆ ಗರ್ಭಗುಡಿ. ಇಲ್ಲಿ ಪೂಜೆಯಿಲ್ಲ, ಗಂಟೆಯಿಲ್ಲ. ಪುರಾತತ್ವ ಇಲಾಖೆಯ ಹುಲ್ಲುಹಾಸು ಮಾತ್ರ ಅಚ್ಚುಕಟ್ಟಾಗಿದೆ.

ಕಟ್ಟಿದವರು ನಮ್ಮ ಕಡೆಯಿಂದ ಘಟ್ಟದ ದಾರಿ ಹಿಡಿದು ಬಂದ ಜೈನರು. ಅವರು ನೆಲೆಸಿದ ಊರಿಗೆ ಹನ್ನೆರಡು ಬೀದಿ ಎಂದೇ ಹೆಸರಿತ್ತು. ಗಣಪತಿ ಗುಡಿಯಿಂದಾಗಿ ಗಣಪತಿವಟ್ಟಂ ಎಂಬ ಹೆಸರೂ ಇತ್ತು. ಬಸದಿ ಮುಂದೆ ವ್ಯಾಪಾರದ ತಾಣವಾಯಿತು. ಟಿಪ್ಪುವಿನ ಸೈನ್ಯ ಬಂದಾಗ ಮದ್ದುಗುಂಡಿನ ಉಗ್ರಾಣವಾಯಿತು. ಇಂಗ್ಲಿಷರು ಸುಲ್ತಾನ್ಸ್ ಬ್ಯಾಟರಿ ಎಂದು ಬರೆದುಕೊಂಡರು, ಅದೇ ಉಳಿಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಮತ್ತೆ ಗಣಪತಿವಟ್ಟಂ ಮಾಡುವ ಮಾತೆದ್ದಿತ್ತು. ಹನ್ನೆರಡು ಬೀದಿಯ ಪರವಾಗಿ ಭಾಷಣ ಬಿಗಿಯಲು ಯಾರೂ ಇರಲಿಲ್ಲ, ಪಾಪ.

ನನಗೆ ತೋಚುವುದಿಷ್ಟು: ಮೈಸೂರು ಸೀಮೆಗೂ ಮಲಬಾರಿನ ಬಂದರುಗಳಿಗೂ ನಡುವಿನ ದಾರಿಯ ಮೇಲಿದ್ದದ್ದೇ ಈ ಊರಿನ ಭಾಗ್ಯ, ದೌರ್ಭಾಗ್ಯ ಎರಡೂ. ವರ್ತಕ ಬಂದ ದಾರಿಯಲ್ಲೇ ಫಿರಂಗಿಯೂ ಬಂತು. ಈಗ ಓಣಂ ಹೊತ್ತಿಗೆ ಗುಂಡ್ಲುಪೇಟೆಯ ಚೆಂಡುಹೂವು ಅದೇ ದಾರಿಯಲ್ಲಿ ಇಳಿಯುತ್ತದೆ. ವಯನಾಡಿನ ರೈತರು ಮೈಸೂರು, ಹೆಗ್ಗಡದೇವನಕೋಟೆ ಕಡೆಗೆ ಬಂದು ಹೊಲ ಗುತ್ತಿಗೆ ಹಿಡಿದು ಶುಂಠಿ ಹಾಕುತ್ತಾರೆ. ಸುತ್ತಲಿನ ಹಾಡಿಗಳಲ್ಲಿ ಬೆಟ್ಟ ಕುರುಮರ, ಕಾಟ್ಟುನಾಯಕರ ಮಾತಿಗೆ ಕಿವಿಗೊಟ್ಟರೆ ಗಡಿ ಎಲ್ಲಿದೆಯೆಂಬ ಗೊಂದಲ ಹುಟ್ಟುತ್ತದೆ.

ಊಟವಾದ ಮೇಲೆ ಎಡಕ್ಕಲ್ಲಿಗೆ ಹೋಗಬಹುದು; ಸೋಮವಾರ ಮಾತ್ರ ಬೇಡ, ಅಂದು ಬಾಗಿಲು ಹಾಕಿರುತ್ತದೆ. ಗುಹೆ ಎನ್ನುತ್ತಾರಾದರೂ ಅದು ಅಂಬುಕುತ್ತಿ ಬೆಟ್ಟದ ಬಿರುಕು. ಭಾರೀ ಬಂಡೆಯೊಂದು ಮೇಲೆ ಸಿಕ್ಕಿಕೊಂಡು ಸೂರಾಗಿದೆ. ಕೊನೆಯಲ್ಲಿ ಕಬ್ಬಿಣದ ಮೆಟ್ಟಿಲುಗಳು, ಏದುಸಿರು, ಶಾಲಾ ಮಕ್ಕಳ ಗದ್ದಲ. ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇಲ್ಲಿಗೆ ಬಂದು 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಬರೆದ ಮೇಲೆ ಹೊರಜಗತ್ತಿಗೆ ಇದರ ಗುರುತು ಸಿಕ್ಕಿತು. ಗೋಡೆಯ ಮೇಲೆ ಕೊರೆದ ಗೆರೆಗಳು ಗೋಜಲಾಗಿವೆ. ಒಂದಿಷ್ಟು ಹೊತ್ತು ದಿಟ್ಟಿಸಿದರೆ ಆ ಗೋಜಲಿನಿಂದ ತಲೆಗೆ ಕಿರೀಟದಂಥ ಅಲಂಕಾರ ತೊಟ್ಟ ಮನುಷ್ಯ, ಪ್ರಾಣಿ, ಚಕ್ರ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ನವಶಿಲಾಯುಗದ ಈ ಕೆತ್ತನೆಗಳ ಜತೆ, ಎಷ್ಟೋ ಶತಮಾನ ತಡವಾಗಿ ಬಂದ ಯಾರೋ ಬರಹವನ್ನೂ ಕೊರೆದಿದ್ದಾರೆ. ಒಂದರಲ್ಲಿ ವಿಷ್ಣುವರ್ಮನ ಹೆಸರಿದೆ. ಅವನನ್ನು ನಮ್ಮ ಕದಂಬರಿಗೆ ನೆಂಟನಾಗಿಸಿದ ವಿದ್ವಾಂಸರೂ ಉಂಟು. ಗಾರ್ಡ್ ಸೀಟಿ ಊದುವವರೆಗೆ ಅಲ್ಲೇ ನಿಲ್ಲಬೇಕು. ಮೊಬೈಲ್‌ನಲ್ಲಿ ತೆಗೆದ ಪಟದಲ್ಲಿ ಈ ಗೆರೆಗಳು ಸರಿಯಾಗಿ ಮೂಡುವುದಿಲ್ಲ.

ರಾತ್ರಿ ಕಲ್ಪೆಟ್ಟದಲ್ಲಿ ಉಳಿಯುವುದಾದರೆ ಸಂಜೆ ಹತ್ತಿರದ ಪುಳಿಯಾರ್‌ಮಲೆಯ ಅನಂತನಾಥಸ್ವಾಮಿ ಬಸದಿಗೆ ಹೋಗಿ. ಇಲ್ಲಿ ಪೂಜೆ ನಡೆಯುತ್ತಿದೆ. ವಯನಾಡಿನ ಜೈನ ಮನೆತನಗಳ ಹೆಸರಿನ ತುದಿಯಲ್ಲಿ ಇನ್ನೂ ‘ಗೌಡರ್’ ಇದೆ. ‘ಮಾತೃಭೂಮಿ’ಯನ್ನು ಮುನ್ನಡೆಸಿದ, ಕೇಂದ್ರ ಸಚಿವರೂ ಆಗಿದ್ದ ಎಂ.ಪಿ. ವೀರೇಂದ್ರಕುಮಾರ್ (1936–2020) ಈ ಸಮುದಾಯದವರು. ತಂದೆ ಪದ್ಮಪ್ರಭ ಗೌಡರ್. ವೀರೇಂದ್ರಕುಮಾರರಿಗೆ 2010ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ‘ಹೈಮವತಭೂವಿಲ್’ ಎಂಬ ಪ್ರವಾಸ ಕಥನಕ್ಕೆ.

ಪನಮರಂ ಬಳಿಯ ಜನಾರ್ದನಗುಡಿ, ವಿಷ್ಣುಗುಡಿಗಳನ್ನು ಇದೇ ದಿನಕ್ಕೆ ತುರುಕಬೇಡಿ. ಅವಕ್ಕೆ ಮರುದಿನದ ಬೆಳಗ್ಗೆಯನ್ನು ಪೂರ್ತಿ ಎತ್ತಿಡಿ.