ಗಡಿಯಾರ ಹೊತ್ತ ಘೇಂಡಾಮೃಗ

ಗಂಟೆಯೆಷ್ಟೆಂದು ತಿಳಿಯುವುದಕ್ಕೆ ಇಷ್ಟೊಂದು ಚಿನ್ನ ಬೇಕೆ? ಹದಿನೈದನೆಯ ಲೂಯಿಯ ಕಾಲದ ಫ್ರೆಂಚ್ ಗಡಿಯಾರಗಳ ಚಿತ್ರಗಳನ್ನು ಕಾಲೇಜಿನ ಪುಸ್ತಕಭಂಡಾರದಲ್ಲಿ ನೋಡುತ್ತಿದ್ದಾಗ ನನಗೆ ಮೊದಲು ತೋರಿದ ಪ್ರಶ್ನೆ ಇದು. ಅಗ್ಗಿಷ್ಟಿಕೆಯ ಮೇಲಣ ಹಲಗೆಯಲ್ಲಿ ಇಡತಕ್ಕ ಈ ಕಂಚಿನ ಗಡಿಯಾರಗಳ ಶೈಲಿಗೆ ರೊಕೊಕೊ ಎಂದು ಹೆಸರು. ನೇರಗೆರೆಯೆಂದರೆ ಅದಕ್ಕೆ ಒಗ್ಗದು. ಚಿಪ್ಪು, ಬಳ್ಳಿ, ಎಲೆ, ಬಂಡೆ ಎಲ್ಲವೂ ಬಳುಕಿ ಒಂದರೊಳಗೊಂದು ಹರಿಯುತ್ತವೆ. ಎಡಗಡೆ ಇದ್ದುದು ಬಲಗಡೆ ಇರುವುದಿಲ್ಲ. ಕನ್ನಡದ ಪದ್ಯಬಂಧಗಳ ಕಟ್ಟುನಿಟ್ಟಿಗೆ ಪಳಗಿದ ನನ್ನ ಕಣ್ಣಿಗೆ ಇದು ಮೊದಮೊದಲು ಅತಿಯೆನಿಸಿತೆಂದು ಒಪ್ಪಿಕೊಳ್ಳುತ್ತೇನೆ.

ಆದರೆ ಒಂದು ಚಿತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಪ್ಯಾರಿಸಿನ ಎರಕದ ಕುಶಲಿ ಜಾನ್-ಜೋಸೆಫ್ ದ ಸೆಂ-ಜೆರ್ಮೆಂ (1719-1791) ಮಾಡಿದ ಗಡಿಯಾರವದು. ಘೇಂಡಾಮೃಗವೊಂದು ಅದನ್ನು ಬೆನ್ನಮೇಲೆ ಹೊತ್ತು ನಿಂತಿದೆ!

ಆ ಕಾಲದಲ್ಲಿ ಪ್ಯಾರಿಸಿನ ಜನ ನಿಜವಾದ ಘೇಂಡಾಮೃಗವನ್ನೇ ಕಂಡಿದ್ದರು. ಬೇಟೆಗಾರರಿಂದ ತಾಯಿಯನ್ನು ಕಳೆದುಕೊಂಡು, ಬಂಗಾಳದಲ್ಲಿ ಡಚ್ ಕಂಪನಿಯ ಅಧಿಕಾರಿಯೊಬ್ಬನ ಮನೆಯಲ್ಲಿ ಬೆಳೆದ ಹೆಣ್ಣುಮರಿಯದು. ಡಚ್ ನಾವಿಕನೊಬ್ಬ 1741ರಲ್ಲಿ ಅದನ್ನು ರಾಟರ್‌ಡ್ಯಾಮಿಗೆ ಒಯ್ದು, ಊರೂರು ತಿರುಗಿಸಿ, ಹಣಕ್ಕೆ ತೋರಿಸಿದ. ಕ್ಲಾರಾ ಎಂದು ಹೆಸರಾದ ಅದು 1749ರಲ್ಲಿ ಪ್ಯಾರಿಸಿಗೆ ಬಂದಾಗ ನೋಡಲು ಜನ ಮುಗಿಬಿದ್ದರು. ಚಿತ್ರಕಾರ ಊದ್ರಿ ಅದರ ಗಾತ್ರದಷ್ಟೇ ದೊಡ್ಡ ಚಿತ್ರ ಬರೆದ. ಅದುವರೆಗೆ ಯೂರೋಪಿನ ಕಲ್ಪನೆಯನ್ನು ಆಳಿದ್ದು, ಡ್ಯೂರರ್ 1515ರಲ್ಲಿ ಮೃಗವನ್ನು ಕಾಣದೆಯೇ ಚಿತ್ರಿಸಿದ ಕವಚಧಾರಿ ಘೇಂಡಾಮೃಗ. 1750ರಲ್ಲಿ ರೋಮಿನಲ್ಲಿ ಕ್ಲಾರಾಳ ಕೊಂಬು ಕಳಚಿಬಿತ್ತು. 1758ರಲ್ಲಿ ಲಂಡನ್ನಿನಲ್ಲಿ ಅದು ಸತ್ತಿತು.

ಈ ಗಡಿಯಾರದ ಭಾರ ಹೊತ್ತದ್ದು ಮೃಗವೊಂದೇ ಅಲ್ಲ. ಇಂಥ ಲೇಪಕ್ಕೆ ಫ್ರೆಂಚರು ಕೊಟ್ಟ ಹೆಸರಿನ ಅರ್ಥ ‘ಅರೆದ ಚಿನ್ನ’. ಚಿನ್ನವನ್ನು ಪಾದರಸದಲ್ಲಿ ಕಲಸಿ, ಬೆಣ್ಣೆಯಂತೆ ಮಾಡಿ, ಕಂಚಿಗೆ ಬಳಿದು, ಕೆಂಡದ ಮೇಲೆ ಕಾಯಿಸುತ್ತಿದ್ದರು. ಪಾದರಸ ಆವಿಯಾಗಿ ಹೋಗಿ ಚಿನ್ನ ಅಂಟಿಕೊಳ್ಳುತ್ತಿತ್ತು. ಆವಿ ಹೋದದ್ದೆಲ್ಲಿಗೆ? ಬಹುಪಾಲು ಕೆಲಸಗಾರನ ಎದೆಗೆ. ಕೈ ನಡುಗತೊಡಗುತ್ತಿತ್ತು, ಹಲ್ಲು ಸಡಿಲವಾಗುತ್ತಿತ್ತು, ಬುದ್ಧಿಯೂ ಮಂಕಾಗುತ್ತಿತ್ತು. ಕೈ ನಡುಗಿದ ಮೇಲೆ ಅಂಥ ನಯಗೆಲಸಕ್ಕೆ ಅವನನ್ನು ಯಾರು ಕರೆದಾರು!

ಚಿತ್ರದಡಿಯ ವಿವರದಲ್ಲಿ ಯಂತ್ರ ಮಾಡಿದವನ ಹೆಸರಿತ್ತು, ಎರಕ ಹೊಯ್ದವನ ಹೆಸರಿತ್ತು. ಚಿನ್ನ ಬಳಿದವನ ಹೆಸರನ್ನು ಪುಟ ತಿರುವಿ ತಿರುವಿ ಹುಡುಕಿದೆ. ಭಂಡಾರ ಮುಚ್ಚುವ ಗಂಟೆ ಹೊಡೆಯಿತು.